ಜಾಲತಾಣವಿದ್ದರೂ ಗ್ರಾಹಕರಿಗೆ ಕಾಣದಿರುವುದೇಕೆ? ಗ್ರಾಮೀಣ ಉದ್ಯಮಗಳ ಜಾಲತಾಣ ಮತ್ತು ಶೋಧಯಂತ್ರಗಳ ಕುರಿತು ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಾಹಿತಿ

ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು, ನೇಕಾರರು, ಕುಶಲಕರ್ಮಿಗಳು ಹಾಗೂ ಹೋಂಸ್ಟೇ ನಡೆಸುವವರು ತಮ್ಮ ಉತ್ಪನ್ನ ಮತ್ತು ಸೇವೆಗಳಿಗಾಗಿ ಜಾಲತಾಣಗಳನ್ನು ರೂಪಿಸಿಕೊಳ್ಳುತ್ತಿದ್ದಾರೆ. ಜಾಲತಾಣ ಸಿದ್ಧವಾದರೆ ದೂರದ ಊರಿನ ಗ್ರಾಹಕರು ನೇರವಾಗಿ ಸಂಪರ್ಕಿಸುತ್ತಾರೆ, ಮಧ್ಯವರ್ತಿಗಳ ಮೇಲಿನ ಅವಲಂಬನೆ ತಗ್ಗುತ್ತದೆ ಎಂಬ ನಿರೀಕ್ಷೆ ಸಹಜವಾದುದು. ಆದರೆ ತಾಣ ಸಿದ್ಧವಾಗಿ ತಿಂಗಳುಗಳು ಕಳೆದರೂ ಒಂದು ಕರೆಯೂ ಬಾರದಿರುವ ಸಂದರ್ಭಗಳುಂಟು. ಅದೇ ಸಮಯದಲ್ಲಿ "ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ" ಎಂದು ಭರವಸೆ ನೀಡುವವರು ಸಂಘದ ಪದಾಧಿಕಾರಿಗಳನ್ನು ಸಂಪರ್ಕಿಸುತ್ತಾರೆ. ಸದಸ್ಯೆಯರು ವಾರ ವಾರ ಕೂಡಿಟ್ಟ ಹಣ, ಅಥವಾ ಸಾಲವಾಗಿ ಪಡೆದ ಹಣ, ಇಂತಹ ಭರವಸೆಗೆ ವ್ಯಯವಾಗುವ ಅಪಾಯವಿರುತ್ತದೆ.

ಶೋಧಯಂತ್ರದ ಫಲಿತಾಂಶದಲ್ಲಿ ಸಹಜವಾಗಿ ದೊರೆಯುವ ಸ್ಥಾನವನ್ನು ಯಾರೂ ಮಾರಲಾರರು. ಅದು ತಾಣದಲ್ಲಿರುವ ಮಾಹಿತಿಯ ಸ್ಪಷ್ಟತೆ, ನಿಖರತೆ ಮತ್ತು ವಿಶ್ವಾಸಾರ್ಹತೆಯಿಂದ ಕ್ರಮೇಣ ಲಭಿಸುವಂತಹುದು. ಅದಕ್ಕೆ ಬೇಕಾದ ಕೆಲಸದ ಬಹುಭಾಗವನ್ನು ಗ್ರಾಮದಲ್ಲಿಯೇ ಮಾಡಿಕೊಳ್ಳಬಹುದು. ಆ ಕೆಲಸ ಯಾವುದು, ಹಣ ಖರ್ಚು ಮಾಡುವ ಮುನ್ನ ಸಂಘಗಳಿಗೆ ಸದಸ್ಯರು ಯಾವ ಸಲಹೆ ನೀಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಿವರಣೆಯ ಅನುಕೂಲಕ್ಕಾಗಿ, ಬಾಗಲಕೋಟೆ ಜಿಲ್ಲೆಯ ಒಂದು ಗ್ರಾಮದಲ್ಲಿ ಜೋಳದ ಕಟಕ ರೊಟ್ಟಿ ಹಾಗೂ ಶೇಂಗಾ ಚಟ್ನಿ ತಯಾರಿಸುವ ಮಹಿಳಾ ಸ್ವಸಹಾಯ ಸಂಘವೊಂದು ಜಾಲತಾಣ ಹೊಂದಿದೆ ಎಂದು ಭಾವಿಸೋಣ.

1. ಶೋಧಯಂತ್ರವು ಕಾರ್ಯನಿರ್ವಹಿಸುವ ಬಗೆ

ಗೂಗಲ್, ಬಿಂಗ್ ಮುಂತಾದ ಶೋಧಯಂತ್ರಗಳು ಮೂರು ಹಂತಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಸಂದರ್ಶನ. ಶೋಧಯಂತ್ರದ ತಂತ್ರಾಂಶವು ಒಂದು ಪುಟದಿಂದ ಮತ್ತೊಂದು ಪುಟಕ್ಕಿರುವ ಕೊಂಡಿಗಳನ್ನು ಅನುಸರಿಸಿ ಜಾಲತಾಣಗಳನ್ನು ಸಂದರ್ಶಿಸುತ್ತದೆ. ಮನೆಯಿಂದ ಮನೆಗೆ ತೆರಳುವ ಗಣತಿದಾರರ ಕೆಲಸಕ್ಕೆ ಇದನ್ನು ಹೋಲಿಸಬಹುದು. ಎರಡನೆಯದು ದಾಖಲೀಕರಣ. ಸಂದರ್ಶಿಸಿದ ಪುಟದಲ್ಲಿನ ಪಠ್ಯ, ಚಿತ್ರ ಮತ್ತು ಶೀರ್ಷಿಕೆಗಳನ್ನು ಓದಿ ತನ್ನ ಬೃಹತ್ ಸೂಚಿಯಲ್ಲಿ ಸೇರಿಸಿಕೊಳ್ಳುತ್ತದೆ. ಮೂರನೆಯದು ಶ್ರೇಣೀಕರಣ. ಯಾರಾದರೂ ಒಂದು ಪದವನ್ನು ಹುಡುಕಿದಾಗ ಸೂಚಿಯಲ್ಲಿರುವ ಪುಟಗಳ ಪೈಕಿ ಅತ್ಯಂತ ಉಪಯುಕ್ತವೆಂದು ಕಂಡುಬರುವವನ್ನು ಅನುಕ್ರಮವಾಗಿ ತೋರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹುಡುಕುವ ಕ್ಷಣದಲ್ಲಿ ಶೋಧಯಂತ್ರವು ಇಡೀ ಅಂತರ್ಜಾಲವನ್ನು ನೋಡುವುದಿಲ್ಲ. ತನ್ನ ಸೂಚಿಯನ್ನು ಮಾತ್ರ ನೋಡುತ್ತದೆ. ಗ್ರಾಮದಲ್ಲಿ ಮನೆ ಇದ್ದರೂ ಇ-ಸ್ವತ್ತು ದಾಖಲೆಯಲ್ಲಿ ಅದು ಸೇರಿರದಿದ್ದರೆ ನಮೂನೆ 9 ಹೊರಬರುವುದಿಲ್ಲ. ಅದೇ ರೀತಿ ಜಾಲತಾಣವಿದ್ದರೂ ಸೂಚಿಯಲ್ಲಿ ಸೇರಿರದಿದ್ದರೆ ಹುಡುಕುವವರಿಗೆ ಅದು ಇಲ್ಲದಂತೆಯೇ.

2. ಮೊದಲ ಪರೀಕ್ಷೆ: ತಾಣವು ಸೂಚಿಯಲ್ಲಿದೆಯೇ?

ಇದನ್ನು ಯಾವುದೇ ಮೊಬೈಲ್‌ನಿಂದ ಒಂದು ನಿಮಿಷದಲ್ಲಿ ತಿಳಿಯಬಹುದು. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ 'ಸೈಟ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲಿ ವಿಸರ್ಗದಂತಹ ಎರಡು ಚುಕ್ಕೆಗಳನ್ನಿಟ್ಟು, ಅನಂತರ ಜಾಗ ಬಿಡದೆ ಜಾಲತಾಣದ ವಿಳಾಸವನ್ನು ಬರೆಯಬೇಕು. ತಾಣದ ಪುಟಗಳ ಪಟ್ಟಿ ಬಂದರೆ ಅವು ದಾಖಲಾಗಿವೆ. ಏನೂ ಬಾರದಿದ್ದರೆ ತಾಣವು ಸೂಚಿಯಲ್ಲಿ ಇಲ್ಲದಿರುವ ಸಂಭವ ಹೆಚ್ಚು.

ದಾಖಲಾಗದಿರಲು ಸಾಮಾನ್ಯ ಕಾರಣಗಳು ಕೆಲವಿವೆ. ತಾಣ ಹೊಸದಾಗಿದ್ದು ಬೇರೆ ಯಾವ ತಾಣದಿಂದಲೂ ಅದಕ್ಕೆ ಕೊಂಡಿ ಇಲ್ಲದಿರಬಹುದು. ತಾಣ ನಿರ್ಮಿಸುವಾಗ ತಾತ್ಕಾಲಿಕವಾಗಿ ಹಾಕಿದ 'ದಾಖಲಿಸಬೇಡಿ' ಎಂಬ ತಾಂತ್ರಿಕ ಸೂಚನೆಯನ್ನು ಕೆಲಸ ಮುಗಿದ ಮೇಲೆ ತೆಗೆಯದೇ ಉಳಿಸಿರಬಹುದು. ಎರಡನೆಯ ಕಾರಣ ಸಣ್ಣದಾದರೂ ಅದೊಂದರಿಂದಲೇ ಇಡೀ ತಾಣ ಕಾಣದಂತಾಗುತ್ತದೆ. ಆದುದರಿಂದ ತಾಣ ನಿರ್ಮಿಸಿದವರಿಂದ ಈ ವಿಷಯವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಗೂಗಲ್ ಸಂಸ್ಥೆಯು 'ಸರ್ಚ್ ಕನ್ಸೋಲ್' ಎಂಬ ಉಚಿತ ಸೌಲಭ್ಯವನ್ನು ಒದಗಿಸುತ್ತದೆ. ತಾಣದ ಮಾಲೀಕರು ಅದರಲ್ಲಿ ನೋಂದಾಯಿಸಿಕೊಂಡರೆ ಯಾವ ಪುಟಗಳು ದಾಖಲಾಗಿವೆ, ಯಾವುವು ಏಕೆ ದಾಖಲಾಗಿಲ್ಲ, ಜನರು ಯಾವ ಪದಗಳನ್ನು ಹುಡುಕಿದಾಗ ತಾಣ ಕಾಣಿಸಿತು, ಎಷ್ಟು ಮಂದಿ ಅದನ್ನು ಒತ್ತಿದರು ಎಂಬ ವಿವರಗಳು ದೊರೆಯುತ್ತವೆ. ತಾಣದ ಎಲ್ಲ ಪುಟಗಳ ಪಟ್ಟಿಯನ್ನು, ಅಂದರೆ ಸೈಟ್‌ಮ್ಯಾಪ್ ಕಡತವನ್ನು, ಇಲ್ಲಿಯೇ ಸಲ್ಲಿಸಬಹುದು. ಬಿಂಗ್ ಶೋಧಯಂತ್ರಕ್ಕೂ ಇಂತಹದೇ ಉಚಿತ ಸೌಲಭ್ಯವಿದೆ.

3. ಯಂತ್ರಕ್ಕೆ ಓದಲು ಬರುವ ಕನ್ನಡ

ಕನ್ನಡದ ತಾಣಗಳಲ್ಲಿ ವಿಶೇಷವಾಗಿ ಪರಿಶೀಲಿಸಬೇಕಾದ ವಿಷಯವೊಂದಿದೆ. ಕಚೇರಿಗಳಲ್ಲಿ ಹಾಗೂ ಮುದ್ರಣಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಹಳೆಯ ನುಡಿ ಮತ್ತು ಬರಹ ಅಕ್ಷರಶೈಲಿಗಳು ಯೂನಿಕೋಡ್ ಶಿಷ್ಟತೆಗೆ ಸೇರಿದವಲ್ಲ. ಅವುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರದೊಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿಯೇ ಉಳಿದಿರುತ್ತದೆ. ಉದಾಹರಣೆಗೆ, ಹಳೆಯ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದದ ಒಳಗೆ ಇಂಗ್ಲಿಷಿನ 'ಪಿ', ಪೌಂಡ್ ನಾಣ್ಯದ ಚಿಹ್ನೆ ಹಾಗೂ 'ಕ್ಯೂ' ಅಕ್ಷರಗಳಿರುತ್ತವೆ. ಶೋಧಯಂತ್ರವು ಓದುವುದು ಈ ಚಿಹ್ನೆಗಳನ್ನು. 'ಜೋಳದ ರೊಟ್ಟಿ' ಎಂದು ಯಾರು ಹುಡುಕಿದರೂ ಅಂತಹ ಪುಟವು ಹೊಂದಿಕೆಯಾಗುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಕೇತವಿದೆ. ಮೊಬೈಲ್‌ನ ಕೀಲಿಮಣೆಯಲ್ಲಿ ಬರೆಯುವ ಕನ್ನಡವೆಲ್ಲವೂ ಯೂನಿಕೋಡ್ ಆಗಿರುತ್ತದೆ. 2017ರಿಂದ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತನಾಡಿಯೂ ಹುಡುಕಬಹುದಾಗಿದೆ. ಆ ಮಾತು ಕೂಡ ಯೂನಿಕೋಡ್ ಅಕ್ಷರಗಳಾಗಿಯೇ ಪರಿವರ್ತನೆಗೊಳ್ಳುತ್ತದೆ. ಆದುದರಿಂದ ಹಳೆಯ ಕಡತದಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಅನಂತರವೇ ತಾಣಕ್ಕೆ ಸೇರಿಸತಕ್ಕದ್ದು. ಇದಕ್ಕೆ ಬೇಕಾದ ಪರಿವರ್ತಕಗಳು ನುಡಿ ಹಾಗೂ ಬರಹ ತಂತ್ರಾಂಶಗಳಲ್ಲಿಯೇ ಲಭ್ಯವಿವೆ.

ಪರೀಕ್ಷಿಸುವ ವಿಧಾನ ಸುಲಭ. ತಾಣದ ಒಂದು ವಾಕ್ಯವನ್ನು ನಕಲು ಮಾಡಿ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಅಂಟಿಸಬೇಕು. ಅದು ಕನ್ನಡವಾಗಿಯೇ ಉಳಿದರೆ ಸರಿ. ಅರ್ಥವಾಗದ ಚಿಹ್ನೆಗಳಾಗಿ ಕಂಡರೆ ಪರಿವರ್ತನೆ ಆಗಬೇಕಿದೆ. ವಾಕ್ಯವನ್ನು ನಕಲು ಮಾಡಲು ಸಾಧ್ಯವೇ ಆಗದಿದ್ದರೆ ಅದು ಪಠ್ಯವಲ್ಲ, ಚಿತ್ರ. ಕರಪತ್ರದ ಛಾಯಾಚಿತ್ರ ತೆಗೆದು ಅದನ್ನೇ ತಾಣದಲ್ಲಿ ಹಾಕಿದಾಗ ಹೀಗಾಗುತ್ತದೆ. ಬೆಲೆಪಟ್ಟಿ, ವಿಳಾಸ ಮತ್ತು ಉತ್ಪನ್ನದ ವಿವರಗಳು ಚಿತ್ರದಲ್ಲಿದ್ದರೂ ಪ್ರತ್ಯೇಕವಾಗಿ ಪಠ್ಯರೂಪದಲ್ಲಿಯೂ ಇರಬೇಕು. ಉತ್ಪನ್ನದ ಪ್ರತಿಯೊಂದು ಚಿತ್ರಕ್ಕೂ 'ಬಿಸಿಲಿನಲ್ಲಿ ಒಣಗಿಸಿದ ಜೋಳದ ಕಟಕ ರೊಟ್ಟಿ' ಎಂಬಂತಹ ಕಿರು ವಿವರಣೆಯನ್ನು ತಾಣದಲ್ಲಿ ದಾಖಲಿಸಲು ಅವಕಾಶವಿದೆ. ಅದನ್ನು ಖಾಲಿ ಬಿಡಬಾರದು. ದೃಷ್ಟಿದೋಷವುಳ್ಳವರ ಮೊಬೈಲ್‌ಗಳು ಚಿತ್ರದ ಬದಲಿಗೆ ಓದಿ ಹೇಳುವುದೂ ಈ ವಿವರಣೆಯನ್ನೇ.

4. ತಯಾರಕರ ಪದ ಮತ್ತು ಗ್ರಾಹಕರ ಪದ

ಸಂಘದ ತಾಣದ ಮೊದಲ ಪುಟದಲ್ಲಿ "ಮಹಿಳಾ ಸಬಲೀಕರಣದತ್ತ ನಮ್ಮ ಹೆಜ್ಜೆ" ಎಂಬ ಶೀರ್ಷಿಕೆ ಇರಬಹುದು. ಅದು ಒಳ್ಳೆಯ ಮಾತು. ಆದರೆ ಬೆಂಗಳೂರಿನಲ್ಲಿರುವ ಗ್ರಾಹಕರು ಆ ಪದಗಳನ್ನು ಹುಡುಕುವುದಿಲ್ಲ. ಅವರು 'ಕಟಕ ರೊಟ್ಟಿ', 'ಉತ್ತರ ಕರ್ನಾಟಕದ ರೊಟ್ಟಿ', 'ಶೇಂಗಾ ಚಟ್ನಿ ಪುಡಿ ಬೆಲೆ' ಎಂದು ಹುಡುಕುತ್ತಾರೆ. ಒಂದೇ ವಸ್ತುವಿಗೆ ಪ್ರದೇಶಕ್ಕೊಂದು ಹೆಸರಿರುವುದನ್ನೂ ಗಮನಿಸಬೇಕು. ಬಾಗಲಕೋಟೆಯ ಶೇಂಗಾ ಮೈಸೂರಿನ ಕಡೆ ಕಡಲೆಕಾಯಿ. ಕಟಕ ರೊಟ್ಟಿಯನ್ನು ಒಣ ರೊಟ್ಟಿ, ಖಡಕ್ ರೊಟ್ಟಿ ಎಂದೂ ಕರೆಯುವವರಿದ್ದಾರೆ. ಈ ಹೆಸರುಗಳು ಪುಟದ ವಾಕ್ಯಗಳಲ್ಲಿ ಸಹಜವಾಗಿ ಒಂದೊಂದು ಸಲ ಬಂದರೆ ಸಾಕು.

ಕನ್ನಡಿಗರಲ್ಲಿಯೂ ಅನೇಕರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುತ್ತಾರೆ. ಆದುದರಿಂದ ಪ್ರತಿ ಮುಖ್ಯ ಪುಟಕ್ಕೂ ಕನ್ನಡದಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒಂದು ಆವೃತ್ತಿ ಇರುವುದು ಒಳಿತು. ಯಂತ್ರಾನುವಾದವನ್ನು ತಿದ್ದದೆ ಹಾಗೆಯೇ ಹಾಕುವುದು ಸೂಕ್ತವಲ್ಲ. ಸ್ಥಳೀಯ ಶಾಲೆಯ ಶಿಕ್ಷಕರು ಅಥವಾ ಪದವಿ ಓದುತ್ತಿರುವ ವಿದ್ಯಾರ್ಥಿಗಳು ಅದನ್ನು ತಿದ್ದಬಲ್ಲರು.

ಊರಿನ ಹೆಸರುಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬಿಜಾಪುರವು ವಿಜಯಪುರವೆಂದೂ ಗುಲ್ಬರ್ಗಾ ಕಲಬುರಗಿಯೆಂದೂ ಬೆಲ್ಗಾಮ್ ಬೆಳಗಾವಿಯೆಂದೂ ದಾಖಲೆಗಳಲ್ಲಿ ಬಳಕೆಗೆ ಬಂದವು. ಆದರೆ ಹಳೆಯ ಹೆಸರುಗಳಿಂದ ಹುಡುಕುವವರು, ಅದರಲ್ಲಿಯೂ ಹೊರರಾಜ್ಯದವರು, ಇಂದಿಗೂ ಇದ್ದಾರೆ. ದೊಡ್ಡ ನಗರಗಳ ಎರಡೂ ಹೆಸರುಗಳನ್ನು ಶೋಧಯಂತ್ರಗಳು ಗುರುತಿಸಬಲ್ಲವು. ಸಣ್ಣ ಗ್ರಾಮಗಳ ಹೆಸರಿನ ವಿಷಯದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಗ್ರಾಮದ ಹೆಸರನ್ನು ಒಂದೇ ಕಾಗುಣಿತದಲ್ಲಿ ಬರೆದು, ಜೊತೆಗೆ ಹೋಬಳಿ, ತಾಲ್ಲೂಕು, ಜಿಲ್ಲೆ ಹಾಗೂ ಪಿನ್‌ಕೋಡ್ ನಮೂದಿಸಿದರೆ ಗೊಂದಲಕ್ಕೆ ಆಸ್ಪದವಿರುವುದಿಲ್ಲ. ಒಂದೇ ಹೆಸರಿನ ಗ್ರಾಮಗಳು ಹಲವು ತಾಲ್ಲೂಕುಗಳಲ್ಲಿರುವುದು ಸದಸ್ಯರಿಗೆ ತಿಳಿದ ವಿಷಯವೇ ಆಗಿದೆ.

5. ಪುಟದಲ್ಲಿ ಏನಿರಬೇಕು?

ಪ್ರತಿಯೊಂದು ಉತ್ಪನ್ನಕ್ಕೂ ಪ್ರತ್ಯೇಕ ಪುಟವಿರಬೇಕು. ಪುಟದ ಶೀರ್ಷಿಕೆಯಲ್ಲಿ ಉತ್ಪನ್ನದ ಹೆಸರು ಮತ್ತು ಸ್ಥಳವಿರಬೇಕು. ಫಲಿತಾಂಶದ ಪಟ್ಟಿಯಲ್ಲಿ ಗ್ರಾಹಕರ ಕಣ್ಣಿಗೆ ಮೊದಲು ಬೀಳುವುದು ಬಹುತೇಕ ಈ ಶೀರ್ಷಿಕೆಯೇ. ಅನೇಕ ತಾಣಗಳಲ್ಲಿ ಎಲ್ಲ ಪುಟಗಳಿಗೂ 'ಹೋಮ್' ಅಥವಾ 'ಮುಖಪುಟ' ಎಂಬ ಶೀರ್ಷಿಕೆಯೇ ಉಳಿದಿರುವುದುಂಟು. ಅದನ್ನು ಮೊದಲು ಬದಲಾಯಿಸಬೇಕು.

ಅನಂತರ ಬರುವುದು ಪುಟದ ಒಳಗಿನ ವಿಷಯ. ಗ್ರಾಹಕರು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳೇ ಇದಕ್ಕೆ ಉತ್ತಮ ಮಾರ್ಗದರ್ಶಿ. ಒಂದು ಕಟ್ಟಿನಲ್ಲಿ ಎಷ್ಟು ರೊಟ್ಟಿಗಳಿರುತ್ತವೆ, ತೂಕವೆಷ್ಟು, ಯಾವ ಜೋಳದಿಂದ ಮಾಡಲಾಗಿದೆ, ಎಷ್ಟು ದಿನ ಕೆಡದೆ ಉಳಿಯುತ್ತದೆ, ಅಂಚೆ ಅಥವಾ ಕೊರಿಯರ್‌ನಲ್ಲಿ ಮುರಿಯದಂತೆ ಹೇಗೆ ಕಟ್ಟಲಾಗುತ್ತದೆ, ಕನಿಷ್ಠ ಎಷ್ಟು ಕೊಳ್ಳಬೇಕು, ಮದುವೆ ಸಮಾರಂಭಕ್ಕೆ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು? ಈ ಪ್ರಶ್ನೆಗಳಿಗೆ ನೇರವಾದ ಉತ್ತರವಿರುವ ಪುಟವು ಗ್ರಾಹಕರಿಗೂ ಉಪಯುಕ್ತ, ಶೋಧಯಂತ್ರಕ್ಕೂ ಗ್ರಾಹ್ಯ. ಆಹಾರ ಪದಾರ್ಥಗಳಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನು ಪುಟದಲ್ಲಿ ನಮೂದಿಸುವುದರಿಂದ ವಿಶ್ವಾಸ ಹೆಚ್ಚುತ್ತದೆ.

ತಯಾರಕರಿಗೆ ಮಾತ್ರ ತಿಳಿದಿರುವ ವಿವರವೇ ಪುಟದ ನಿಜವಾದ ಶಕ್ತಿ. ಇಳಕಲ್ ಸೀರೆಯನ್ನು ಮಾರುವ ತಾಣಗಳು ಹಲವಾರಿವೆ. ಆದರೆ ಒಡಲಿನ ಹಾಸು ಮತ್ತು ಸೆರಗಿನ ರೇಷ್ಮೆ ಹಾಸನ್ನು ಕೊಂಡಿಗಳ ಮೂಲಕ ಜೋಡಿಸುವ 'ತೋಪ್ ತೆನಿ' ವಿಧಾನವನ್ನು ಮಗ್ಗದ ಮುಂದೆ ಕುಳಿತ ನೇಕಾರರಷ್ಟು ಸ್ಪಷ್ಟವಾಗಿ ವಿವರಿಸಬಲ್ಲವರು ವಿರಳ. ಅಂತಹ ವಿವರಣೆ, ಅದರೊಡನೆ ಮಗ್ಗದ ನೈಜ ಛಾಯಾಚಿತ್ರ ಮತ್ತು ಅಸಲಿ ಸೀರೆಯನ್ನು ಗುರುತಿಸುವ ಬಗೆ ಒಂದು ಪುಟದಲ್ಲಿದ್ದರೆ ಅದು ಬೇರೆಡೆ ಸಿಗದ ಮಾಹಿತಿಯಾಗುತ್ತದೆ. ಬೇರೆ ತಾಣಗಳಿಂದ ನಕಲು ಮಾಡಿದ ವಾಕ್ಯಗಳಿಗೆ ಈ ಬಲವಿಲ್ಲ. ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆ, ಬ್ಯಾಡಗಿ ಮೆಣಸಿನಕಾಯಿ, ಉಡುಪಿಯ ಮಟ್ಟು ಗುಳ್ಳ ಮುಂತಾದವು ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನಗಳು. ಈ ಹೆಸರುಗಳನ್ನು ಅರ್ಹತೆಯುಳ್ಳವರು ತಪ್ಪದೆ ಬಳಸಬೇಕು. ಅರ್ಹತೆಯಿಲ್ಲದ ಉತ್ಪನ್ನಕ್ಕೆ ಬಳಸುವುದು 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಗೆ ವಿರುದ್ಧವಾಗುತ್ತದೆ.

ಒಂದೇ ಪದವನ್ನು ಹತ್ತಾರು ಸಲ ಪುನರಾವರ್ತಿಸುವುದರಿಂದಾಗಲಿ, ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಲ್ಲಿ ಪದಗಳನ್ನು ಬಚ್ಚಿಡುವುದರಿಂದಾಗಲಿ ಪ್ರಯೋಜನವಿಲ್ಲ. ಗೂಗಲ್ ನೀತಿಯಲ್ಲಿ ಇವು ನಿಷಿದ್ಧ ಕ್ರಮಗಳು. ಪುಟದ ಹಿಂಬದಿಯಲ್ಲಿ 'ಕೀವರ್ಡ್ಸ್' ಪಟ್ಟಿ ಸೇರಿಸಿಕೊಡುವುದಾಗಿ ಹಣ ಕೇಳುವವರೂ ಇದ್ದಾರೆ. ವೆಬ್ ಶೋಧದ ಶ್ರೇಣಿಗೆ ಆ ಪಟ್ಟಿಯನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ.

6. ನಕ್ಷೆಯಲ್ಲಿ ಕಾಣಿಸಿಕೊಳ್ಳುವುದು

ಹೋಂಸ್ಟೇ, ಖಾನಾವಳಿ, ಮಾರಾಟ ಮಳಿಗೆ, ನರ್ಸರಿ ಮುಂತಾಗಿ ಗ್ರಾಹಕರು ಸ್ಥಳಕ್ಕೆ ಬರುವ ಉದ್ಯಮಗಳಿಗೆ ಜಾಲತಾಣಕ್ಕಿಂತಲೂ ಗೂಗಲ್ ನಕ್ಷೆಯಲ್ಲಿನ ನಮೂದು ಹೆಚ್ಚು ಉಪಯುಕ್ತವಾಗಬಹುದು. ಇದನ್ನು 'ಬಿಸಿನೆಸ್ ಪ್ರೊಫೈಲ್' ಎನ್ನುತ್ತಾರೆ. ನೋಂದಣಿ ಉಚಿತ. ಮಾಲೀಕತ್ವವನ್ನು ದೂರವಾಣಿ ಅಥವಾ ವಿಡಿಯೊ ಮುಂತಾದ ಕ್ರಮಗಳಿಂದ ಪರಿಶೀಲಿಸಲಾಗುತ್ತದೆ.

ಸ್ಥಳೀಯ ಫಲಿತಾಂಶಗಳ ಶ್ರೇಣಿಯನ್ನು ಗೂಗಲ್ ಮುಖ್ಯವಾಗಿ ಮೂರು ಅಂಶಗಳಿಂದ ನಿರ್ಧರಿಸುತ್ತದೆ: ಹುಡುಕಿದ ವಿಷಯಕ್ಕಿರುವ ಹೊಂದಿಕೆ, ಹುಡುಕುವವರಿಂದ ಇರುವ ದೂರ ಮತ್ತು ಉದ್ಯಮದ ಪ್ರಸಿದ್ಧಿ. ಇವುಗಳಲ್ಲಿ ದೂರವನ್ನು ಬದಲಾಯಿಸಲಾಗದು. ಹೊಂದಿಕೆ ಮತ್ತು ಪ್ರಸಿದ್ಧಿಗಳ ವಿಷಯದಲ್ಲಿ ಮಾತ್ರ ಶ್ರಮ ಫಲಕಾರಿ. ಸರಿಯಾದ ವರ್ಗ, ಕೆಲಸದ ವೇಳೆ, ರಜಾದಿನ ಹಾಗೂ ದೂರವಾಣಿ ಸಂಖ್ಯೆಗಳನ್ನು ನಮೂದಿಸಬೇಕು. ನಕ್ಷೆಯ ಗುರುತು ಉದ್ಯಮದ ಬಾಗಿಲ ಬಳಿಯೇ ಇರುವುದನ್ನು ಸ್ಥಳದಲ್ಲಿ ನಿಂತು ಖಚಿತಪಡಿಸಿಕೊಳ್ಳಬೇಕು. ಗುರುತು ಹೊಲದ ನಡುವೆಯೋ ಕೆರೆಯ ಆಚೆಯ ದಂಡೆಯಲ್ಲೋ ಇದ್ದರೆ ರಾತ್ರಿ ವೇಳೆ ಬರುವ ಅತಿಥಿಗಳು ದಾರಿ ತಪ್ಪುತ್ತಾರೆ.

ಎರಡು ವಿಷಯಗಳನ್ನು ವಿಶೇಷವಾಗಿ ತಿಳಿದಿರಬೇಕು. ಮೊದಲನೆಯದಾಗಿ, ಗ್ರಾಹಕರನ್ನು ಮುಖಾಮುಖಿ ಭೇಟಿಯಾಗದೆ ಕೊರಿಯರ್ ಮೂಲಕ ಮಾತ್ರ ಮಾರಾಟ ಮಾಡುವ ಉದ್ಯಮಗಳಿಗೆ ಈ ನಮೂದಿನ ಅರ್ಹತೆಯಿಲ್ಲ. ರೊಟ್ಟಿ ಸಂಘವು ಮಳಿಗೆ ಹೊಂದಿದ್ದರೆ ಮಾತ್ರ ನೋಂದಾಯಿಸಿಕೊಳ್ಳಬಹುದು. ಎರಡನೆಯದಾಗಿ, ಮನೆಯಿಂದಲೇ ಹೊರಟು ಗ್ರಾಹಕರ ಸ್ಥಳಕ್ಕೆ ಹೋಗಿ ಸೇವೆ ನೀಡುವ ಉದ್ಯಮಗಳು ಮನೆಯ ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶವನ್ನು ಮಾತ್ರ ತೋರಿಸಬಹುದು. ಮಹಿಳೆಯರು ಮನೆಯಿಂದ ನಡೆಸುವ ಉದ್ಯಮಗಳಲ್ಲಿ ಸುರಕ್ಷತೆಯ ದೃಷ್ಟಿಯಿಂದ ಇದು ಮುಖ್ಯವಾದುದು.

ಗ್ರಾಹಕರ ಅಭಿಪ್ರಾಯಗಳು ಶ್ರೇಣಿಗೆ ನೆರವಾಗುತ್ತವೆ. ವ್ಯವಹಾರ ಮುಗಿದ ಮೇಲೆ ಅಭಿಪ್ರಾಯ ಬರೆಯುವಂತೆ ವಿನಂತಿಸುವುದು ತಪ್ಪಲ್ಲ. ಆದರೆ ರಿಯಾಯಿತಿ ಅಥವಾ ಉಡುಗೊರೆಯ ಆಮಿಷವೊಡ್ಡಿ ಬರೆಸುವುದು ಹಾಗೂ ಬಂಧುಗಳಿಂದ ಸುಳ್ಳು ಅಭಿಪ್ರಾಯ ಹಾಕಿಸುವುದು ನಿಯಮಬಾಹಿರ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿದೆ. ದೂರು ಬಂದಾಗ ಸೌಜನ್ಯದ ಉತ್ತರ ಬರೆಯುವುದು ದೂರನ್ನು ಅಳಿಸಲೆತ್ನಿಸುವುದಕ್ಕಿಂತ ಒಳಿತು.

7. ಇತರ ತಾಣಗಳ ಉಲ್ಲೇಖ

ಗೂಗಲ್‌ನ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು 1990ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನದ ತಿರುಳು ಹೀಗಿತ್ತು: ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳು ಆ ಪುಟದ ಮಹತ್ವವನ್ನು ಸೂಚಿಸುತ್ತವೆ, ಮಹತ್ವದ ಪುಟದಿಂದ ಬಂದ ಕೊಂಡಿಗೆ ಹೆಚ್ಚಿನ ತೂಕವಿರುತ್ತದೆ. ಇಂದು ಶ್ರೇಣಿಗೆ ಅನೇಕ ಅಂಶಗಳು ಸೇರಿದ್ದರೂ ಕೊಂಡಿಗಳ ಪಾತ್ರ ಮುಂದುವರಿದಿದೆ.

ಈ ಕಾರಣದಿಂದಲೇ ಕೊಂಡಿಗಳನ್ನು ಸಾವಿರದ ಲೆಕ್ಕದಲ್ಲಿ ಮಾರುವ ದಂಧೆ ಹುಟ್ಟಿಕೊಂಡಿತು. 2012ರಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಬದಲಾವಣೆಯ ಮೂಲಕ ಇಂತಹ ಕೃತಕ ಕೊಂಡಿಗಳಿರುವ ತಾಣಗಳನ್ನು ಕೆಳಗಿಳಿಸಿತು. ಕೊಂಡ ಕೊಂಡಿಗಳಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ನ್ಯಾಯವಾದ ಮಾರ್ಗಗಳಿವೆ. ಸಂಘವು ಸಂಜೀವಿನಿ ಮೇಳದಲ್ಲಿ ಭಾಗವಹಿಸಿದಾಗ ಆಯೋಜಕರ ತಾಣದಲ್ಲಿ ಸಂಘದ ವಿಳಾಸ ಸೇರಿಸುವಂತೆ ಕೋರಬಹುದು. ಉತ್ಪನ್ನ ಕೊಳ್ಳುವ ಹೋಟೆಲ್, ತರಬೇತಿ ನೀಡಿದ ಕೃಷಿ ವಿಜ್ಞಾನ ಕೇಂದ್ರ, ಸುದ್ದಿ ಪ್ರಕಟಿಸಿದ ಪತ್ರಿಕೆಯ ಜಾಲತಾಣ ಮುಂತಾದವುಗಳಿಂದ ಬರುವ ಒಂದೆರಡು ಕೊಂಡಿಗಳು ಕೃತಕವಾದ ಸಾವಿರ ಕೊಂಡಿಗಳಿಗಿಂತ ಮೇಲು. ಸಂಘದ ಹೆಸರು, ವಿಳಾಸ ಹಾಗೂ ದೂರವಾಣಿ ಸಂಖ್ಯೆ ಎಲ್ಲೆಡೆ ಒಂದೇ ರೀತಿಯಲ್ಲಿರಬೇಕು.

8. ಮೊಬೈಲ್ ಮತ್ತು ವೇಗ

ಗೂಗಲ್ ಈಗ ತಾಣದ ಮೊಬೈಲ್ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು ದಾಖಲಿಸುತ್ತದೆ. ಮುಖ್ಯ ವಿಷಯವು 2.5 ಸೆಕೆಂಡುಗಳೊಳಗೆ ತೆರೆಯಬೇಕೆಂಬುದು ಅದರ ಮಾನದಂಡ. ಗ್ರಾಮೀಣ ತಾಣಗಳು ನಿಧಾನವಾಗಲು ಸಾಮಾನ್ಯ ಕಾರಣ, ಮೊಬೈಲ್‌ನಲ್ಲಿ ತೆಗೆದ ದೊಡ್ಡ ಛಾಯಾಚಿತ್ರಗಳನ್ನು ಗಾತ್ರ ತಗ್ಗಿಸದೆ ಹಾಕುವುದು. ಚಿತ್ರಗಳನ್ನು ಕುಗ್ಗಿಸುವ ಉಚಿತ ತಂತ್ರಾಂಶಗಳಿವೆ. ತಾಣದ ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗುವಂತೆ, ಅಂದರೆ ಸುರಕ್ಷಿತ ಸಂಪರ್ಕವಿರುವಂತೆ, ನೋಡಿಕೊಳ್ಳಬೇಕು.

9. ಹಣ ನೀಡುವ ಮುನ್ನ

ಮೇಲಿನ ಕೆಲಸಗಳಲ್ಲಿ ಕೆಲವಕ್ಕೆ ತಜ್ಞರ ನೆರವು ಬೇಕಾಗಬಹುದು, ಅದಕ್ಕೆ ತಕ್ಕ ಶುಲ್ಕ ನೀಡುವುದರಲ್ಲಿ ತಪ್ಪಿಲ್ಲ. ಆದರೆ ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿಯೇ ತಿಳಿಸಿದೆ. ಖಾತರಿ ನೀಡುವವರು ಸಾಮಾನ್ಯವಾಗಿ ಎರಡು ಉಪಾಯ ಬಳಸುತ್ತಾರೆ. ಒಂದು, ಸಂಘದ ಪೂರ್ಣ ಹೆಸರನ್ನೇ ಹುಡುಕಿ ತೋರಿಸುವುದು. ಆ ಹೆಸರಿನ ಬೇರೆ ತಾಣವೇ ಇಲ್ಲದಿರುವಾಗ ಅದು ಮೊದಲು ಬರುವುದು ಸಹಜ. ಸಂಘವನ್ನು ಅರಿಯದ ಗ್ರಾಹಕರು ಆ ಹೆಸರನ್ನು ಹುಡುಕುವುದಿಲ್ಲ. ಎರಡು, ಹಣ ತೆತ್ತು ಹಾಕಿಸಿದ ಜಾಹೀರಾತನ್ನೇ ಸಹಜ ಸ್ಥಾನವೆಂದು ತೋರಿಸುವುದು. ಜಾಹೀರಾತಿನ ಮೇಲೆ 'ಪ್ರಾಯೋಜಿತ' ಎಂಬ ಗುರುತಿರುತ್ತದೆ. ಹಣ ನಿಂತೊಡನೆ ಅದೂ ನಿಲ್ಲುತ್ತದೆ, ಅದರಿಂದ ಸಹಜ ಶ್ರೇಣಿ ಮೇಲೇರುವುದಿಲ್ಲ.

ಒಪ್ಪಂದಕ್ಕೆ ಮುನ್ನ ಸಂಘಗಳು ಈ ಕೆಳಗಿನ ಅಂಶಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ:

(ಅ) ಯಾವ ಯಾವ ಪುಟಗಳಲ್ಲಿ ಯಾವ ಬದಲಾವಣೆ ಮಾಡಲಾಗುವುದು ಎಂಬ ಪಟ್ಟಿ.

(ಆ) ಜಾಲತಾಣದ ವಿಳಾಸ, ಅಂದರೆ ಡೊಮೇನ್, ಸಂಘದ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಅದರ ನವೀಕರಣದ ದಿನಾಂಕ ಸಂಘದ ನಡಾವಳಿ ಪುಸ್ತಕದಲ್ಲಿ ದಾಖಲಾಗಿರಬೇಕು. ನವೀಕರಣ ತಪ್ಪಿದರೆ ವಿಳಾಸವು ಬೇರೆಯವರ ಪಾಲಾಗಬಹುದು.

(ಇ) ತಾಣ, ಸರ್ಚ್ ಕನ್ಸೋಲ್ ಮತ್ತು ಬಿಸಿನೆಸ್ ಪ್ರೊಫೈಲ್‌ಗಳ ಮಾಲೀಕತ್ವ ಸಂಘದ ಇಮೇಲ್ ಖಾತೆಯಲ್ಲಿರಬೇಕು. ಹೊರಗಿನವರನ್ನು ನಿರ್ವಾಹಕರಾಗಿ ಮಾತ್ರ ಸೇರಿಸಬೇಕು. ಕೆಲಸ ಮುಗಿದ ಮೇಲೆ ತೆಗೆಯಬೇಕು.

(ಈ) ಕೆಲಸದ ಹಂತಗಳಿಗೆ ಅನುಗುಣವಾಗಿ ಹಣ ಪಾವತಿ. ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿ ನೀಡುವುದು ಬೇಡ.

(ಉ) ಕೊಂಡಿಗಳನ್ನು ಕೊಳ್ಳುವುದಿಲ್ಲ, ಸುಳ್ಳು ಅಭಿಪ್ರಾಯ ಹಾಕಿಸುವುದಿಲ್ಲ ಎಂಬ ಷರತ್ತು.

ಗೂಗಲ್ ಕಚೇರಿಯಿಂದ ಮಾತನಾಡುತ್ತಿರುವುದಾಗಿ ಹೇಳಿ ನಕ್ಷೆಯ ನಮೂದಿಗೆ ಶುಲ್ಕ ಕೇಳುವ ಕರೆಗಳನ್ನು ನಂಬಬಾರದು. ಒಟಿಪಿಯನ್ನು ಯಾರಿಗೂ ತಿಳಿಸಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

10. ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಸದಸ್ಯರು ತಾಂತ್ರಿಕ ಕೆಲಸವನ್ನು ಸ್ವತಃ ಮಾಡಬೇಕಾಗಿಲ್ಲ. ತಮ್ಮ ವಾರ್ಡಿನಲ್ಲಿ ಜಾಲತಾಣ ಹೊಂದಿರುವ ಸಂಘ ಮತ್ತು ಉದ್ಯಮಗಳ ಪಟ್ಟಿ ಮಾಡಿ, 2 ಮತ್ತು 3ನೇ ಭಾಗದಲ್ಲಿ ತಿಳಿಸಿರುವ ಎರಡು ಪರೀಕ್ಷೆಗಳನ್ನು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಮಾಡಿಸಬಹುದು. ಎರಡಕ್ಕೂ ಖರ್ಚಿಲ್ಲ. ಹಳೆಯ ಅಕ್ಷರಶೈಲಿಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲು ಮತ್ತು ಉತ್ಪನ್ನದ ವಿವರ ಬರೆಯಲು ಗ್ರಾಮದ ವಿದ್ಯಾವಂತ ಯುವಜನರ ನೆರವು ಪಡೆಯಬಹುದು. ಗ್ರಾಮಕ್ಕೆ ಸಂಬಂಧಿಸಿದಂತೆ ಗ್ರಾಮ ಪಂಚಾಯಿತಿಯ ಪುಟದಲ್ಲಿ ಸ್ಥಳೀಯ ಉತ್ಪನ್ನಗಳ ಪಟ್ಟಿ ಪ್ರಕಟಿಸುವುದಾದರೆ, ಅದು ಸಾಮಾನ್ಯ ಸಭೆಯ ನಿರ್ಣಯದೊಂದಿಗೆ, ಎಲ್ಲ ಸಂಘಗಳಿಗೂ ಸಮಾನ ಅವಕಾಶವಿರುವಂತೆ ನಡೆಯಬೇಕು.

ಫಲಿತಾಂಶಕ್ಕೆ ತಾಳ್ಮೆ ಅಗತ್ಯ. ಕೆಲವು ಬದಲಾವಣೆಗಳು ಕೆಲವೇ ಗಂಟೆಗಳಲ್ಲಿ ಪರಿಗಣನೆಗೆ ಬಂದರೆ ಮತ್ತೆ ಕೆಲವಕ್ಕೆ ಹಲವು ತಿಂಗಳು ಬೇಕಾಗುತ್ತದೆ. ಬದಲಾವಣೆ ಮಾಡಿದ ದಿನಾಂಕವನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನ ಅಂಕಿಗಳನ್ನು ಸಂಘದ ಸಭೆಯಲ್ಲಿ ಓದುವ ಪದ್ಧತಿ ಒಳ್ಳೆಯದು. ಜೊತೆಗೆ, ಕರೆ ಮಾಡಿದ ಪ್ರತಿಯೊಬ್ಬ ಹೊಸ ಗ್ರಾಹಕರನ್ನು "ನಮ್ಮ ವಿಷಯ ಎಲ್ಲಿ ತಿಳಿಯಿತು?" ಎಂದು ಕೇಳಿ ದಾಖಲಿಸಿದರೆ ಯಾವ ಪ್ರಯತ್ನ ಫಲ ನೀಡಿದೆ ಎಂಬುದು ತಿಳಿಯುತ್ತದೆ.

ಜಾಲತಾಣ ಉತ್ತಮವಾದ ಮಾತ್ರಕ್ಕೆ ಮಾರಾಟ ಖಚಿತವೆಂದು ಹೇಳಲಾಗದು. ಉತ್ಪನ್ನದ ಗುಣಮಟ್ಟ, ಸಕಾಲಿಕ ಪೂರೈಕೆ ಮತ್ತು ಕರೆಗೆ ಸಿಗುವ ಉತ್ತರ ಇವುಗಳ ಸ್ಥಾನವನ್ನು ಶೋಧಯಂತ್ರ ತುಂಬಲಾರದು. ಆದರೆ ಒಳ್ಳೆಯ ರೊಟ್ಟಿಯನ್ನು ಮಾಡುವ ಸಂಘದ ವಿಳಾಸವು ಅದನ್ನು ಹುಡುಕುತ್ತಿರುವವರಿಗೆ ದೊರೆಯದೇ ಹೋಗುವ ಸ್ಥಿತಿಯನ್ನು ಮೇಲಿನ ಕ್ರಮಗಳಿಂದ ತಪ್ಪಿಸಬಹುದು. ಸದಸ್ಯರು ಈ ಮಾಹಿತಿಯನ್ನು ಮುಂದಿನ ವಾರ್ಡ್ ಸಭೆ ಹಾಗೂ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಓದಿ ತಿಳಿಸುವುದು ಉಪಯುಕ್ತ.